ಅಡಿಗಲ್ಲಿನ ಮೇಲೆ ನಾವು ಬರೆಯದ ಸಾಲು

ಹೋದ ಚಳಿಗಾಲದಲ್ಲಿ ನಮ್ಮ ಕಡೆಯ ಒಂದು ಕಾಲೇಜಿನವರು ಚರ್ಚಾಸ್ಪರ್ಧೆಗೆ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದರು. ವಿಷಯ, 'ಮುಂದಿನ ಪೀಳಿಗೆ ನಮ್ಮ ಕಾಲವನ್ನು ಹೇಗೆ ನೆನೆಯುತ್ತದೆ?' ಹನ್ನೊಂದು ಜನ ಮಾತಾಡಿದರು. ಹೊಗಳಿದವರ ಬಾಯಲ್ಲಿ ಚಂದ್ರಯಾನ, ಯುಪಿಐ, ಕೃತಕ ಬುದ್ಧಿಮತ್ತೆ. ತೆಗಳಿದವರ ಬಾಯಲ್ಲಿ ಕೊರೋನಾ, ಪ್ಲಾಸ್ಟಿಕ್, ರೀಲ್ಸ್. ಮೇಜು ಗುದ್ದಿದರು, ಚಪ್ಪಾಳೆ ಬಿದ್ದವು. ಒಂದು ಮಾತಿಗೆ ಮಾತ್ರ ಎರಡೂ ಕಡೆಯವರ ಒಪ್ಪಿಗೆ ಇತ್ತು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ನಮ್ಮನ್ನು ನೆನೆಯುವುದಂತೂ ಖಾತ್ರಿ. ಇಷ್ಟು ಫೋಟೊ, ಇಷ್ಟು ವಿಡಿಯೊ, ಇಷ್ಟು ದಾಖಲೆ ಬಿಟ್ಟುಹೋಗುವ ಕಾಲ ಹಿಂದೆ ಯಾವುದೂ ಇರಲಿಲ್ಲವಲ್ಲ!

ನಾನು ಬಹುಮಾನ ಕೊಟ್ಟು, ಶಾಲು ಹೊದಿಸಿಕೊಂಡು, ಕಟಕೋಳದ ಬಸ್ಸು ಹತ್ತಿದೆ. ಊರು ಬರುವ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಆ ಮಕ್ಕಳ ಮೇಲಲ್ಲ. ಆ ಖಾತ್ರಿಯ ಮೇಲೆ. ನಾನೂ ವೇದಿಕೆಯ ಮೇಲೆ ತಲೆಯಾಡಿಸಿದ್ದೆ ಎನ್ನುವುದರ ಮೇಲೆ. ಆ ಖಾತ್ರಿ ಸುಳ್ಳು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಣ್ಣದರಿಂದ ಶುರು ಮಾಡುತ್ತೇನೆ. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಪುಕ್ಕಟೆ ಆಯಿತು. ಆ ತಿಂಗಳೇ ನಮ್ಮವ್ವ ಓಣಿಯ ಹೆಂಗಸರ ಜೊತೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದಳು. ಯಾರ ಮುಂದೆಯೂ ರೊಕ್ಕಕ್ಕೆ ಕೈ ಚಾಚದೆ ಅವಳು ಮಾಡಿದ ಮೊದಲ ಯಾತ್ರೆ ಅದು. ಆ ಶೂನ್ಯ ದರದ ಟಿಕೆಟನ್ನು ಭಂಡಾರದ ಪೊಟ್ಟಣದ ಜೊತೆ ಮಡಚಿ ಜಗುಲಿಯ ಮೇಲೆ ದೇವರ ಹತ್ತಿರ ಇಟ್ಟಿದ್ದಳು. ಮೊನ್ನೆ ತೆಗೆದರೆ ಅದರ ಮೇಲೆ ಒಂದು ಅಕ್ಷರವಿಲ್ಲ. ಶಾಖಕ್ಕೆ ಕಪ್ಪಾಗುವ ಆ ಮಷಿನ್ ಕಾಗದ ಕೆಲವು ತಿಂಗಳಲ್ಲೇ ಬೆಳ್ಳಗಾಗುತ್ತದೆ. ನಮ್ಮ ತಾಲ್ಲೂಕಿನ ಸಾವಿರಾರು ಹೆಂಗಸರ ಬದುಕಿನ ದೊಡ್ಡ ಬದಲಾವಣೆ ಅಚ್ಚಾದದ್ದು ಇಂಥ ಕಾಗದದ ಮೇಲೆ.

ಇನ್ನು ಮೊಬೈಲಿನ ಮಾತು. 2019ರ ಆಗಸ್ಟ್‌ನಲ್ಲಿ ಮೇಲಿನ ಮಳೆ ಮತ್ತು ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಸೇರಿ ಮಲಪ್ರಭೆ ರಾಮದುರ್ಗ ತಾಲ್ಲೂಕಿನ ನದಿದಂಡೆಯ ಊರುಗಳನ್ನು ಹೊಕ್ಕಿತು. ಹಿಂದಿನ ಕೆಲವು ವರ್ಷ ಸರಿಯಾಗಿ ತುಂಬದೆ ಕುಡಿಯುವ ನೀರಿಗೂ ಪರದಾಡಿಸಿದ್ದ ಹೊಳೆ ಅದು. ಆಗ ಎಲ್ಲರ ಕೈಯಲ್ಲೂ ಫೋನು ಇತ್ತು. ನನ್ನ ಸಂಶೋಧನೆಯ ಕೆಲಸಕ್ಕೆಂದು ಎರಡು ವರ್ಷದ ಹಿಂದೆ ಹೊಳೆದಂಡೆಯ ಮೂರು ಹಳ್ಳಿಗಳಲ್ಲಿ ಆ ದಿನಗಳ ವಿಡಿಯೊ ಕೇಳಿಕೊಂಡು ತಿರುಗಿದೆ. 'ಗ್ರೂಪಿನ್ಯಾಗ ಹಾಕಿದ್ವಿ', 'ಆ ಫೋನು ನೀರಾಗ ಬಿತ್ತು', 'ತಮ್ಮ ಹೊಸಾದು ತಗೊಂಡ, ಹಳೇದು ಎಕ್ಸ್‌ಚೇಂಜಿಗೆ ಹೋತು', 'ಮೆಮೊರಿ ಫುಲ್ ಆಗಿತ್ತು, ತಗದ್ವಿ'. ಮೂರು ಊರು ಸೇರಿ ನನಗೆ ಸಿಕ್ಕಿದ್ದು ನಾಲ್ಕು ತುಣುಕು. ಒಂದರಲ್ಲಿ ಹಿಂದೆ ಸಿನಿಮಾ ಹಾಡು ಜೋಡಿಸಿದ್ದರು. ತಾರೀಖು ಯಾವುದರಲ್ಲೂ ಇರಲಿಲ್ಲ.

ಆದರೆ ಅವುಗಳಲ್ಲಿ ಒಂದು ಊರಿನ ಮಾಳಿಗೆ ಮನೆಯ ಪಡಸಾಲೆಯಲ್ಲಿ ನನಗೆ ಬೇರೊಂದು ದಾಖಲೆ ಸಿಕ್ಕಿತು. ಗೋಡೆಯ ಮೇಲೆ, ನನ್ನ ಎದೆಯ ಎತ್ತರಕ್ಕೆ, ಇದ್ದಿಲಿನಲ್ಲಿ ಎಳೆದ ಒಂದು ಅಡ್ಡ ಗೆರೆ. ಅದರ ಮೇಲೆ 'ನೀರು ಇಲ್ಲೀತನ' ಎಂದು ಬರೆದು, ಕೆಳಗೆ ಆಗಸ್ಟ್ 2019 ಎಂದು ಹಾಕಿತ್ತು. ಬರೆದವರು ಆ ಮನೆಯ ಹಿರಿಯರು.

'ಯಾಕ ಗೆರಿ ಹೊಡದೀರಿ, ಅಜ್ಜಾರ?' ಅಂದೆ.

'ನನಗಂತ ಅಲ್ಲವಾ. ನಾ ಕಣ್ಣಿಲೆ ನೋಡೇನಿ. ಮುಂದ ಈ ಮನ್ಯಾಗ ಯಾರ ಇರ್ತಾರೋ ಅವರಿಗೆ ತಿಳೀಬೇಕಲ್ಲ.'

'ನಾಳೆ ಮಾರೂ ಹೊತ್ತು ಬಂದ್ರ ರೇಟು ಕಡಿಮಿ ಆಗತೈತಲ್ರಿ?'

'ಆಗ್ಲಿ ಬಿಡು,' ಅಂದರು. ಚಹಾ ತರಿಸಿದರು.

ನನ್ನ ವಾದವೆಲ್ಲ ಈ ಗೆರೆಯಲ್ಲಿದೆ. ಮುಂದಿನವರಿಗೆ ಅಂತ ಬರೆದ ಬರಹಕ್ಕೆ ಎರಡು ಗುರುತು. ಅದು ಬರೆದವನಿಗೆ ಏನಾದರೂ ನಷ್ಟ ಮಾಡುತ್ತದೆ. ಓದುವವನಿಗೆ ಏನಾದರೂ ಕೆಲಸ ಹೇಳುತ್ತದೆ. ಈ ಎರಡೂ ಇಲ್ಲದ ಬರಹ ಎಷ್ಟೇ ದೊಡ್ಡ ಅಕ್ಷರದಲ್ಲಿದ್ದರೂ ಜಾಹೀರಾತು. ನಮ್ಮ ಕಾಲ ಬರೆಯುತ್ತಿರುವುದರಲ್ಲಿ ಬಹುಪಾಲು ಇದೇ.

ನಾನು ಶಾಸನ ಓದುವ ವಿದ್ಯಾರ್ಥಿ. ನಮ್ಮ ಸುತ್ತಲಿನ ನೆಲ ಶಾಸನಗಳ ನೆಲ. ಸವದತ್ತಿಗೆ ಸುಗಂಧವರ್ತಿ ಎಂಬ ಹೆಸರಿದ್ದಾಗ ಅದು ರಟ್ಟರ ರಾಜಧಾನಿ. ಹೂಲಿಯಲ್ಲಿ ಸಾಸಿರ್ವರು ಮಹಾಜನರಿದ್ದರು. ಸೊಗಲದಲ್ಲಿ ಸಾವಿರ ವರ್ಷದ ಹಿಂದಿನ ಕಲ್ಲು ಇದೆ. ಸಾಮಾನ್ಯ ಒಂದು ದಾನಶಾಸನ ಹೇಗಿರುತ್ತದೆ? ಮೊದಲು ಅರಸನ ಹೊಗಳಿಕೆ, ಅದು ಬೇಕಾದಷ್ಟು ಇರುತ್ತದೆ. ಆಮೇಲೆ ಶಕ ವರ್ಷ, ಸಂವತ್ಸರ, ತಿಥಿ, ವಾರ. ಕೊಟ್ಟವರು ಯಾರು, ಕೊಟ್ಟದ್ದು ಏನು, ಎಷ್ಟು ಮತ್ತರು ನೆಲ, ಯಾವ ಕೋಲಿನಿಂದ ಅಳೆದದ್ದು, ಮೂಡಲಿಗೆ ಏನು ಗಡಿ, ತೆಂಕಲಿಗೆ ಯಾವ ಹಳ್ಳ. ಯಾತಕ್ಕೆ ಕೊಟ್ಟದ್ದು: ದೀಪಕ್ಕೆ, ಅನ್ನಕ್ಕೆ, ಓದುವ ಮಕ್ಕಳಿಗೆ, ಕೆರೆಗೆ. ಅಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತು 'ಖಂಡಸ್ಫುಟಿತ ಜೀರ್ಣೋದ್ಧಾರ'. ಅಂದರೆ ಮುಂದೆ ಒಡೆದದ್ದು, ಸೀಳಿದ್ದು, ಹಳತಾದದ್ದು ಇದ್ದರೆ ರಿಪೇರಿಗೆ ಈ ಹೊಲದ ಹುಟ್ಟುವಳಿ. ಕಟ್ಟುವ ದಿನವೇ ಅದು ಒಡೆಯುವ ದಿನದ ಖರ್ಚು ತೆಗೆದಿಟ್ಟವರು ಅವರು. ಕೊನೆಗೆ ಶಾಪ. ಇದನ್ನು ಅಳಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ. ಜೊತೆಗೆ ಶಾಪಕ್ಕಿಂತ ತೂಕದ ಇನ್ನೊಂದು ಮಾತು: ದಾನ ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಕಾಯುವುದು ದೊಡ್ಡದು.

ಆ ಶಾಪ ಯಾರಿಗೆ? ಆಗ ಎದುರಿಗೆ ನಿಂತಿದ್ದವರಿಗಷ್ಟೇ ಅಲ್ಲ. ಮುಂದೆ ಬರುವ ನಿಮಗೂ ನನಗೂ. ಕಲ್ಲು ನಮ್ಮನ್ನು ನೋಡಿ ಮಾತಾಡುತ್ತಿದೆ. 'ನಾನು ಇಷ್ಟು ಕೊಟ್ಟಿದ್ದೇನೆ, ನೀನು ಕಾಯಿ' ಎನ್ನುತ್ತಿದೆ.

ಈಗ ನಮ್ಮ ಕಾಲದ ಕಲ್ಲಿಗೆ ಬನ್ನಿ. ಊರ ಹೊರಗಿನ ಒಂದು ಬಸ್ ತಂಗುದಾಣದ ಅಡಿಗಲ್ಲಿನ ಮುಂದೆ ನಿಂತು ಎಣಿಸಿದ್ದೇನೆ. ಹದಿನೇಳು ಹೆಸರು. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು. ಪಾಲಿಶ್ ಮಾಡಿದ ಕರಿ ಗ್ರಾನೈಟು, ಬಂಗಾರದ ಬಣ್ಣದ ಅಕ್ಷರ. ಕೊಟ್ಟದ್ದು ಏನು? ಇಲ್ಲ. ಎಷ್ಟು ಖರ್ಚು? ಇಲ್ಲ. ಎಷ್ಟು ವರ್ಷ ಬಾಳಬೇಕು? ಇಲ್ಲ. ಸೋರಿದರೆ ಯಾರನ್ನು ಕೇಳಬೇಕು? ಅದಂತೂ ಇಲ್ಲವೇ ಇಲ್ಲ. ಆ ತಂಗುದಾಣದ ಚಾವಣಿ ಹೋಗಿ ಎರಡು ಮಳೆಗಾಲ ಕಳೆದವು. ಕಲ್ಲು ಮಾತ್ರ ಫಳಫಳ ಹೊಳೆಯುತ್ತಿದೆ. ಹದಿನೇಳು ಜನರಲ್ಲಿ ಒಬ್ಬರ ಕಿಸೆಯಿಂದಲೂ ಆ ತಂಗುದಾಣಕ್ಕೆ ಒಂದು ರೂಪಾಯಿ ಹೋಗಿಲ್ಲ. ಹೆಸರು ಉಂಟು, ದಾನವಿಲ್ಲ, ಶಾಪವಿಲ್ಲ. ಐನೂರು ವರ್ಷದ ನಂತರ ಶಾಸನ ಓದುವ ಹುಡುಗಿಯೊಬ್ಬಳು ಈ ಕಲ್ಲು ಅಗೆದು ತೆಗೆದರೆ, ಈ ಊರಿನಲ್ಲಿ ಹದಿನೇಳು ಜನ ಒಂದು ದಿನ ಒಟ್ಟಿಗೆ ನಿಂತಿದ್ದರು ಎಂದಷ್ಟೇ ಬರೆದುಕೊಳ್ಳುತ್ತಾಳೆ.

ನನ್ನ ಓರಗೆಯವರು ಇಲ್ಲಿ ಬಾಯಿ ಹಾಕುತ್ತಾರೆ. 'ಹಾಗಾದರೆ ಶಾಸನದ ಕಾಲ ಬಂಗಾರದ ಕಾಲವೇ? ಆ ದಾನ ಹೋದದ್ದು ಯಾರಿಗೆ? ಕೆರೆ ತೋಡಿದವನ ಹೆಸರು ಅಲ್ಲಿದೆಯೇ?' ಇಲ್ಲ. ನ್ಯಾಯವಾದ ಪ್ರಶ್ನೆ. ಕೊಟ್ಟವನ ಕುಲದ ವರ್ಣನೆ ಹತ್ತು ಸಾಲು, ಮಣ್ಣು ಹೊತ್ತವರದು ಒಂದು ಅಕ್ಷರವಿಲ್ಲ. ನಮ್ಮ ಕಾಲಕ್ಕೂ ಅಂಥ ಖಾಲಿ ಜಾಗಗಳಿವೆ. ದೇವದಾಸಿ ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 1982ರಲ್ಲಿ. ಆಮೇಲೂ ಎಷ್ಟೋ ಮಕ್ಕಳು ಶಾಲೆಯ ಅರ್ಜಿಯ 'ತಂದೆಯ ಹೆಸರು' ಎಂಬ ಖಾನೆಯ ಮುಂದೆ ಪೆನ್ನು ಹಿಡಿದು ಸುಮ್ಮನೆ ಕೂತದ್ದುಂಟು. ಹಳೆಯ ಕಲ್ಲು ಬಿಟ್ಟವರನ್ನು ನಾವು ಇವತ್ತು ಎಣಿಸುವ ಹಾಗೆ, ನಮ್ಮ ಅರ್ಜಿಗಳು ಬಿಟ್ಟವರನ್ನು ನಾಳಿನವರು ಎಣಿಸುತ್ತಾರೆ. ಹಳೆಯ ಶಾಸನದಿಂದ ನಾನು ಕಲಿಯಬೇಕೆನ್ನುವುದು ಅದರ ಜಾತಿಯನ್ನಲ್ಲ, ಅದರ ಲೆಕ್ಕಾಚಾರವನ್ನು.

ಇನ್ನು, ಕಲ್ಲು ಹಾಕಿದವರೇ ನೆನಪನ್ನು ಆಳುತ್ತಾರೆ ಎನ್ನುವುದೂ ಭ್ರಮೆ. ನಮ್ಮ ಜಿಲ್ಲೆಗಿಂತ ದೊಡ್ಡ ಪುರಾವೆ ಬೇಡ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಸತ್ತ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. 1831ರಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಕಾಗದ, ಮಸಿ, ಕಚೇರಿ, ಕೋರ್ಟು ಎಲ್ಲ ಕಂಪನಿಯವರ ಕೈಯಲ್ಲಿದ್ದವು. ಆ ಕಾಗದದಲ್ಲಿ ರಾಯಣ್ಣ ದಂಗೆಕೋರ. ಆದರೆ ಹಾಡುವವರು ಬೇರೆ ಇದ್ದರು. ಲಾವಣಿಕಾರರು ಅವನನ್ನು ಜಾತ್ರೆಯಿಂದ ಜಾತ್ರೆಗೆ ಹೊತ್ತರು. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಆ ಲಾವಣಿಯನ್ನು ಬರೆದುಕೊಂಡು 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ ಅಚ್ಚು ಹಾಕಿದ. ಸವದತ್ತಿಯ ರಟ್ಟರ ಶಾಸನಗಳನ್ನು ಓದಿದವನೂ ಅವನೇ. ಅವನು ಸಂಗ್ರಹಿಸಿದ ಹಾಡುಗಳಲ್ಲಿ ರಾಯಣ್ಣನ ಜೊತೆ ಹಲಗಲಿಯ ಬೇಡರಿದ್ದಾರೆ, ಬೈಲಹೊಂಗಲದ ಸಂಗ್ಯಾ ಇದ್ದಾನೆ, ಸರ್ಕಾರ ಹೇರಿದ ಆದಾಯ ತೆರಿಗೆಯ ಮೇಲೆ ಕಟ್ಟಿದ ಹಾಡೂ ಇದೆ. ತೆರಿಗೆ ಹಾಕಿದ ಸಾಹೇಬರು ಯಾರಿಗೂ ನೆನಪಿಲ್ಲ. ತೆರಿಗೆಯ ಸಂಕಟ ಉಳಿಯಿತು.

ಇದು ಹಳೆಯ ಕಥೆ ಎನ್ನುವವರಿಗೆ ನಮ್ಮ ತಂದೆಯವರ ಕಾಲದ್ದು ಹೇಳುತ್ತೇನೆ. 1970ರ ದಶಕದ ಆರಂಭದಲ್ಲಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ನಿಂತಿತು. 37.73 ಟಿಎಂಸಿ ಹಿಡಿಯುವ ರೇಣುಕಾಸಾಗರ. ಕೆಳಗಿನ ನರಗುಂದ, ನವಲಗುಂದದ ಕಪ್ಪು ನೆಲದ ರೈತರಿಗೆ ನೀರಿಗಿಂತ ಮೊದಲು ಅಭಿವೃದ್ಧಿ ಕರದ ನೋಟೀಸು ಬಂತು. 1980ರ ಜುಲೈ 21ರ ಬಂಡಾಯದಲ್ಲಿ ವೀರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಎಂಬ ರೈತರು ಪೊಲೀಸರ ಗುಂಡಿಗೆ ಬಲಿಯಾದರು. ಅಣೆಕಟ್ಟಿನ ಕಲ್ಲಿನ ಮೇಲೆ ಯಾರ ಹೆಸರಿದೆ ಎಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದ್ದೇನೆ. ಒಬ್ಬರೂ ಹೇಳಲಿಲ್ಲ. ಜುಲೈ 21 ಅಂದರೆ ಏನು ಎಂದು ಕೇಳಿದೆ. ರೈತರ ಮನೆಯ ಮಕ್ಕಳು ಕೈ ಎತ್ತಿದರು. ಆ ಇಡೀ ದಶಕಕ್ಕೆ ನಮ್ಮ ಕಡೆ ಗುರುತಾಗಿ ಉಳಿದದ್ದು ಆ ಒಂದು ತಾರೀಖು.

ನಮ್ಮ ಕಾಲಕ್ಕೆ ಯಾವ ತಾರೀಖು ಉಳಿಯುತ್ತದೆ? 2015ರ ಆಗಸ್ಟ್ 30 ಉಳಿಯುತ್ತದೆ ಎಂದು ನನಗೆ ಅನಿಸುತ್ತದೆ. ಅಂದು ಬೆಳಿಗ್ಗೆ ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಎಂ.ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು. ಶಾಸನ, ಹಸ್ತಪ್ರತಿ, ವಚನ ಇವುಗಳಲ್ಲೇ ಆಯುಷ್ಯ ಕಳೆದವರು. ಹಿಂದಿನ ಕಾಲ ಏನು ಬರೆದಿಟ್ಟಿತು ಎಂದು ಓದಿ ಹೇಳುವುದು ಅವರ ಕೆಲಸವಾಗಿತ್ತು. ಶಾಸನ ಅಳಿಸಿದವನಿಗೆ ಹಳಬರು ಶಾಪ ಬರೆದರು. ಶಾಸನ ಓದುವವನನ್ನೇ ಕೊಲ್ಲುವ ಕಾಲ ಬರುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ. ನಾವು ಎಷ್ಟು ಉಪಗ್ರಹ ಹಾರಿಸಿದರೂ ಈ ಸಾಲನ್ನು ನಮ್ಮ ಕಾಲದ ಲೆಕ್ಕದಿಂದ ತೆಗೆಯಲಾಗದು.

ಇನ್ನೊಂದು ಆಕ್ಷೇಪವಿದೆ, ಅದು ಗಟ್ಟಿಯಾದದ್ದು. 'ನಮ್ಮ ಕಾಲ ಏನೂ ಕೊಟ್ಟಿಲ್ಲವೇ? ನಿಮ್ಮವ್ವ ಬಸ್ಸು ಹತ್ತಿದಳಲ್ಲ?' ಕೊಟ್ಟಿದೆ. ಅವ್ವನ ಆ ಪ್ರಯಾಣವನ್ನು ನಾನು ಯಾವ ತಾಮ್ರಪಟಕ್ಕೂ ಕಡಿಮೆ ಎನ್ನುವುದಿಲ್ಲ. ಆದರೆ ಗಮನಿಸಿ. ಇವತ್ತು ನಾವು ಕೊಡುವುದೆಲ್ಲ ಇವತ್ತು ಇರುವವರಿಗೆ. ಅವರಿಗೆ ಓಟು ಇದೆ, ಕೈ ಇದೆ, ಚಪ್ಪಾಳೆ ಇದೆ. ಇನ್ನೂ ಹುಟ್ಟದವರಿಗೆ ಮೂರೂ ಇಲ್ಲ. ಹಾಗಾಗಿ ಅವರ ಪಾಲನ್ನು ಮುಟ್ಟಿದರೆ ಕೇಳುವವರಿಲ್ಲ. ಮಲಪ್ರಭೆಯ ಪಾತ್ರ ಅಣೆಕಟ್ಟಿನ ಕೆಳಗೆ ಒತ್ತುವರಿಯಾಗಿ ಕಿರಿದಾಗಿದೆ ಎಂದು ಪ್ರತಿ ನೆರೆಯ ನಂತರ ಪತ್ರಿಕೆ ಬರೆಯುತ್ತವೆ, ಮಂತ್ರಿಗಳು ಬಂದು ನೋಡುತ್ತಾರೆ, ಸರ್ವೇ ಎನ್ನುತ್ತಾರೆ. ನೀರು ಇಳಿದ ಮೇಲೆ ಮಾತೂ ಇಳಿಯುತ್ತದೆ. ಒತ್ತುವರಿ ಮಾಡಿದವರಲ್ಲಿ ನಾವೂ ಇದ್ದೇವೆ, ನಮ್ಮ ಕಾಕಾ ಮಾವಂದಿರೂ ಇದ್ದಾರೆ. ಒಂದೊಂದು ಸಾಲು ಕಬ್ಬಿನ ಆಸೆಗೆ ನದಿಯನ್ನು ತಿಂದಿದ್ದೇವೆ. ಈ ಲೆಕ್ಕ ಯಾವ ಗ್ರಾನೈಟಿನ ಮೇಲೂ ಇಲ್ಲ. ಆದರೆ ನದಿಯೇ ಇದನ್ನು ಮುಂದಿನವರಿಗೆ ಓದಿ ಹೇಳುತ್ತದೆ, ಅವರ ಪಡಸಾಲೆಗೆ ಬಂದು.

ಹುಟ್ಟದವರಿಗೆ ಕೊಡುವುದು ಆಗದ ಮಾತೇನಲ್ಲ. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಆಸ್ತಿಯನ್ನು ಓದುವ ಮಕ್ಕಳಿಗೆಂದು ಬರೆದಿಟ್ಟರು. ತಮ್ಮ ಸಮುದಾಯದ ಮಕ್ಕಳಿಗೆ ಎನ್ನುವ ಮಿತಿ ಅದಕ್ಕಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಅವರ ಮುಖ ನೋಡದ ಎಷ್ಟೋ ಹುಡುಗರು ಆ ವಿದ್ಯಾರ್ಥಿವೇತನದಲ್ಲಿ ಓದಿದರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರ ಹೆಸರಿದೆ. ಅಲ್ಲಿ ಹೆಸರಿನ ಹಿಂದೆ ದಾನವಿದೆ.

ಕಲ್ಲೆಸೆಯುವುದು ಸುಲಭ. ಆದ್ದರಿಂದ ನನ್ನ ಮನೆಯ ಗಾಜನ್ನೂ ತೋರಿಸಿಬಿಡುತ್ತೇನೆ. ನನ್ನ ಪಿಎಚ್.ಡಿ. ಪ್ರಬಂಧವೂ ಒಂದು ಅಡಿಗಲ್ಲೇ. ಅದರ ಕೃತಜ್ಞತೆಯ ಪುಟಗಳಲ್ಲಿ ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಕುಲಪತಿಗಳು ಎಲ್ಲರೂ ಘನ ಉಪಸ್ಥಿತಿಯಲ್ಲಿದ್ದಾರೆ. ಹೊಳೆದಂಡೆಯ ಆ ಮೂರು ಊರಿನವರ ಮಾತು ನನ್ನ ಫೋನಿನಲ್ಲಿದೆ. ಅದರ ಒಂದು ಪ್ರತಿಯನ್ನೂ ಆ ಊರುಗಳ ಶಾಲೆಗೆ ನಾನು ಕೊಟ್ಟಿಲ್ಲ. ಪ್ರಬಂಧ ಒಪ್ಪಿಸಿದ ಮೇಲೆ ಅದು ಅಂತರ್ಜಾಲದ ಯಾವುದೋ ಕಪಾಟಿನಲ್ಲಿ ಮಲಗುತ್ತದೆ. ನನಗೆ ಹೆಸರಿನ ಮುಂದೆ ಎರಡು ಅಕ್ಷರ ಸಿಗುತ್ತವೆ. ಅವರಿಗೆ? ಕೊಟ್ಟವರು ಅವರು, ಹೆಸರು ನನ್ನದು. ನಾನು ಬೈಯುತ್ತಿರುವ ಕಾಯಿಲೆ ನನಗೂ ಇದೆ.

2024ರಲ್ಲಿ ನಮ್ಮ ಜಿಲ್ಲೆ ಕಿತ್ತೂರಿನ ಗೆಲುವಿನ ಇನ್ನೂರನೇ ವರ್ಷ, ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದ ನೂರನೇ ವರ್ಷ, ಎರಡನ್ನೂ ಆಚರಿಸಿತು. ದೀಪ, ಮೆರವಣಿಗೆ, ಫ್ಲೆಕ್ಸು. ಫ್ಲೆಕ್ಸುಗಳಲ್ಲಿ ಚನ್ನಮ್ಮನಿಗಿಂತ ಶುಭಕೋರುವವರ ಮುಖ ದೊಡ್ಡದಾಗಿತ್ತು. 2224ರಲ್ಲಿ ನಮ್ಮದು ಅಂತ ಆಚರಿಸುವುದಕ್ಕೆ ಏನಿದೆ ಎಂದು ಆ ಮೆರವಣಿಗೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಫೋಟೊ ತೆಗೆಯುತ್ತಿದ್ದೆ.

ಈಗ ಕೇಳುತ್ತೇನೆ, ಮತ್ತು ಕೇಳಿ ಸುಮ್ಮನಾಗುವುದಿಲ್ಲ. ಸಾರ್ವಜನಿಕ ದುಡ್ಡಿನಲ್ಲಿ ಏಳುವ ಪ್ರತಿ ಕಟ್ಟಡದ ಅಡಿಗಲ್ಲಿನಲ್ಲಿ ಹೆಸರುಗಳ ಜಾಗದಲ್ಲಿ ನಾಲ್ಕು ಸಾಲು ಬರಲಿ. ಎಷ್ಟು ದುಡ್ಡು, ಎಷ್ಟು ವರ್ಷದ ಬಾಳಿಕೆ, ರಿಪೇರಿಗೆ ಎಲ್ಲಿಂದ ಹಣ, ಯಾರು ಹೊಣೆ. ನದಿದಂಡೆಯ ಪ್ರತಿ ಊರಿನ ಶಾಲೆಯ ಗೋಡೆಯ ಮೇಲೆ 2019ರ ನೀರಿನ ಗೆರೆ ಬರಲಿ, ತಾರೀಖಿನ ಸಮೇತ. ಇದಕ್ಕೆ ಅನುದಾನ ಬೇಡ, ಒಂದು ಡಬ್ಬಿ ಬಣ್ಣ ಸಾಕು. ವಿದ್ಯಾರ್ಥಿಗಳೇ, ನಿಮ್ಮ ಊರಲ್ಲಿ ಇದನ್ನು ನೀವೇ ಮಾಡಬಹುದು, ಯಾರನ್ನೂ ಉದ್ಘಾಟನೆಗೆ ಕರೆಯದೆ. ನನ್ನ ಪಾಲಿನದು ನಾನು ಮಾಡುತ್ತೇನೆ. ನನ್ನ ಫೋನಿನ ಮಾತುಗಳನ್ನು ಕಾಗದಕ್ಕಿಳಿಸಿ, ತಾರೀಖು ಹಾಕಿ, ಹೇಳಿದವರ ಒಪ್ಪಿಗೆ ಪಡೆದು, ಆ ಮೂರು ಶಾಲೆಗಳಿಗೆ ಒಪ್ಪಿಸುತ್ತೇನೆ. ಪ್ರಬಂಧ ಒಪ್ಪಿಸುವ ಮೊದಲು.

ಆ ಮನೆಗೆ ಈ ವರ್ಷ ಮತ್ತೆ ಹೋಗಿದ್ದೆ. ಮೊಮ್ಮಗಳ ಮದುವೆಗೆಂದು ಮನೆಗೆ ಬಣ್ಣ ಹೊಡೆಸಿದ್ದರು. ತಿಳಿ ಹಸಿರು ಡಿಸ್ಟೆಂಪರಿನ ಕೆಳಗೆ ಇದ್ದಿಲಿನ ಗೆರೆ ಮುಚ್ಚಿಹೋಗಿತ್ತು. ನಾನು ಗೋಡೆ ನೋಡುವುದನ್ನು ಕಂಡು ಹಿರಿಯರು ನಕ್ಕರು. ಅದೇ ಎತ್ತರಕ್ಕೆ, ಹೊಸ ಬಣ್ಣದ ಮೇಲೆ, ಮೊಳೆಯಿಂದ ಕೊರೆದು ಮತ್ತೆ ಬರೆದಿದ್ದರು. ಮಗ ಬೈದನಂತೆ. ಬೈಸಿಕೊಂಡೇ ಬರೆದೆ ಅಂದರು.